ಸುತ್ತು ಹಾಕಿದ ತೊಟ್ಟಿಲು

ನನ್ನ ಎಡಗಣ್ಣು ಒಮ್ಮೆ ಹೋಗಿ ಬಂದ ಕಣ್ಣು. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಒಂದು ಕಾಯಿಲೆ. ಮೈ ಕಾಯಬೇಕಾದ ಸೈನ್ಯವೇ ತಿರುಗಿಬಿದ್ದು ನರದ ಮೇಲಿನ ಪೊರೆಯನ್ನು ತಿನ್ನುತ್ತದೆ. ಮೊದಲು ಕಣ್ಣು ಹೊರಳಿಸಿದರೆ ನೋವು, ಆಮೇಲೆ ಬೂದಿ ಬಳಿದ ಗಾಜಿನಲ್ಲಿ ನೋಡಿದ ಹಾಗೆ ಮಬ್ಬು. ಕೆಂಪು ಮೆಣಸಿನಕಾಯಿ ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಳ್ಳಾರಿಯ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಕೆಲವು ವಾರ ಬಿಟ್ಟು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಕೊನೆಯ ಸಾಲಿನವರೆಗೂ ಓದಿದೆ. ಓದದೆ ಏನು? ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು, ಸಿರುಗುಪ್ಪದ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವಳು. "ಓದ್ತೀರಿ, ಆದ್ರೆ ಒಳಗಿನ ನರ ತೆಳ್ಳಗಾಗಿದೆ. ಅದು ಮತ್ತೆ ಬೆಳೆಯಲ್ಲ" ಎಂದರು ಡಾಕ್ಟರು.

ಅದಾದ ಮೇಲಿನ ಬೇಸಿಗೆಯಲ್ಲಿ ನನ್ನ ತಮ್ಮನ ಮಗಳಿಗೆ ಹೆಸರಿಡುವ ಶಾಸ್ತ್ರ. ತಮ್ಮನ ಹೆಂಡತಿಯ ತವರು ಕುರುಗೋಡು, ಶಾಸ್ತ್ರ ಅಲ್ಲೇ. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಇರುವವಳು ನಾನೊಬ್ಬಳೇ. ಆ ಹಕ್ಕು ನನಗೆ ಬೇಕಾಗಿತ್ತು.

ಬಸ್ಸಿಳಿದು ಬಿಸಿಲಲ್ಲಿ ನಡೆಯುವಾಗಲೇ ಬೀದಿಯ ಎಡ ಮಗ್ಗುಲು ಕರಗತೊಡಗಿತು. ಎದುರಿಗೆ ಬಂದವರಿಗೆ ಸೀರೆ ಇತ್ತು, ಮುಖ ಇರಲಿಲ್ಲ. ಮೈ ಕಾದರೆ ಹೀಗಾಗುತ್ತದೆಂದು ಗೊತ್ತಿತ್ತು. ಒಳಗೆ ಫ್ಯಾನಿನ ಕೆಳಗೆ ಕೂತ ಮೇಲೆ ಮುಖಗಳು ಒಂದೊಂದಾಗಿ ವಾಪಸು ಬಂದವು.

ತೊಲೆಗೆ ತೂಗುಹಾಕಿದ ತೊಟ್ಟಿಲನ್ನು ಯಾರೋ ಎಡಕ್ಕೆ ಬಲಕ್ಕೆ ತೂಗುತ್ತಿದ್ದರು. ನಾನು ಕೂಸಿನ ಕಾಲ ಕಡೆ ಕೂತಿದ್ದೆ. ನೋಡ ನೋಡುತ್ತ ತೊಟ್ಟಿಲು ಅತ್ತಿತ್ತ ಆಡುವುದನ್ನು ಬಿಟ್ಟು ಸುತ್ತತೊಡಗಿತು. ಬಲಕ್ಕೆ ಹೋಗುವಾಗ ಗೋಡೆಯ ಕಡೆ ಸರಿದು ದೂರವಾಗುವುದು. ಎಡಕ್ಕೆ ಬರುವಾಗ ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಕೂಸು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತ, ಸದ್ದಿಲ್ಲದೆ ಸುತ್ತು ಹಾಕುತ್ತಿತ್ತು. ಕಾಲು ಹಿಂದಕ್ಕೆಳೆದುಕೊಂಡೆ.

"ಏನ್ ಮೇಡಮ್ಮಾರ, ತೊಟ್ಟಿಲಾಗ ಏನರ ಕಂಡ್ರೇನು?" ಅಂದರು ಬೀಗಿತ್ತಿಯ ಅಕ್ಕ, ಆ ಮನೆಯ ಹಿರಿಯರು.

ಸೆರಗಿನಿಂದ ಎಡಗಣ್ಣು ಮುಚ್ಚಿದೆ. ತೊಟ್ಟಿಲು ನೆಟ್ಟಗೆ ತೂಗಿತು. ಸೆರಗು ತೆಗೆದೆ. ಮತ್ತೆ ಸುತ್ತು. ಪೊರೆ ಕಳಚಿದ ನರದಲ್ಲಿ ಸುದ್ದಿ ನಿಧಾನ ಓಡುತ್ತದೆ. ಬಲಗಣ್ಣಿಗೆ ಕೂಸು ಈಗ ಇದ್ದಲ್ಲಿ ಕಂಡರೆ ಎಡಗಣ್ಣಿಗೆ ಆಗಲೇ ಬಿಟ್ಟುಹೋದ ಜಾಗದಲ್ಲಿ ಕಾಣುತ್ತದೆ. ಮಿದುಳು ಎರಡನ್ನೂ ಕೂಡಿಸಿ ಇಲ್ಲದ ದೂರವನ್ನು ಕಟ್ಟುತ್ತದೆ. ಲೆಕ್ಕ ತಿಳಿಯಿತು. ಹೆದರಿಕೆ ಹೋಗಲಿಲ್ಲ.

ಅಷ್ಟರಲ್ಲಿ ಕೂಸನ್ನು ತೊಟ್ಟಿಲಿಂದ ಎತ್ತಿಕೊಂಡರು, ಶಾಸ್ತ್ರ ಶುರುವಾಯಿತು. ಕೂಸಿಗಿಂತ ಮೊದಲು ಕುಂಚಿಗೆ ಟೋಪಿ ತೊಡಿಸಿ ಗುಂಡಪ್ಪನೆಂದು ಕರೆಯುವ ಗುಂಡುಕಲ್ಲನ್ನು ತೊಟ್ಟಿಲ ಕೆಳಗಿಂದ ದಾಟಿಸುತ್ತಾರೆ, ಆಮೇಲೆ ಕೂಸನ್ನು. ಈಚೆ ಕೈಯೊಡ್ಡಿ ಹಿಡಿಯುವವಳು ಸೋದರತ್ತೆ. ಹಿರಿಯರು ಬಲಗಡೆಯಿಂದ ಕಲ್ಲನ್ನು ತೇಲಿಸಿಕೊಂಡು ತಂದರು. ಅದು ನನ್ನ ಅಂಗೈಗೆ ಬಂದಿದ್ದನ್ನು ಕಣ್ಣಾರೆ ಕಂಡೆ, ಹಿಡಿದೆ. ಕೈಯಲ್ಲಿ ಏನೂ ಇರಲಿಲ್ಲ. ಕಲ್ಲು ದಡ್ಡನೆ ನೆಲಕ್ಕೆ ಬಿತ್ತು.



"ಸಾಲಿ ಕಲ್ತ ಕೈಗೆ ಗುಂಡಪ್ಪ ಭಾರ ಆದ ನೋಡು" ಎಂದರು ಹಿರಿಯರು. ನಗಲಿಲ್ಲ. ಹಿಂದಿನಿಂದ ಇನ್ನೊಬ್ಬಳ ಪಿಸುಮಾತು: "ಆಗಿಂದ ನೋಡಾಕತ್ತೀನಿ, ಕೂಸಿನ ಸುತ್ತ ಏನೋ ಹುಡುಕ್ತಾಳ. ಗಾಳಿ ಬಡದೈತಿ."

ಮಗ್ಗುಲಲ್ಲಿ ಕೂತಿದ್ದ ನಮ್ಮವ್ವ ಬಾಯಿ ತೆರೆಯುವುದರೊಳಗೆ ನಾನೇ ಎದ್ದೆ. "ಗಾಳಿ ಅಲ್ರಿ, ನರದ ಬ್ಯಾನಿ. ಕಣ್ಣು ದೂರ ತಪ್ಪಿ ತೋರಸ್ತೈತಿ. ಕೂಸನ್ನ ನನ್ನ ಕೈಗೆ ಕೊಡಬ್ಯಾಡ್ರಿ, ಬ್ಯಾರೆಯವರು ದಾಟಸ್ರಿ. ಹೆಸರು ಮಾತ್ರ ನಾನಾ ಹೇಳ್ತೀನಿ."

ಇಬ್ಬರು ಕೂಸನ್ನು ದಾಟಿಸಿ ಮಲಗಿಸಿದರು. ತಮ್ಮನ ಹೆಂಡತಿ ಎದ್ದು ಬಂದು ಎರಡೂ ಕೈಯಿಂದ ತೊಟ್ಟಿಲು ಹಿಡಿದು ನಿಲ್ಲಿಸಿದಳು. ಬಗ್ಗಿ, ಎರಡೂ ಕಣ್ಣು ಮುಚ್ಚಿ, ಬೆರಳಿನಿಂದ ಕಿವಿ ಹುಡುಕಿದೆ. ಹೂವಿನೆಸಳಿನಷ್ಟು ತೆಳುವಾಗಿತ್ತು, ಬಿಸಿಯಾಗಿತ್ತು. ಹೆಸರು ಹೇಳಿದೆ.

ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಬೆನ್ನು ಬಗ್ಗಿಸಿಕೊಂಡೇ ಕಾದೆ. ಗುದ್ದು ಬರಲಿಲ್ಲ. ಬಳೆಗಳ ಸದ್ದು ಹಿಂದಕ್ಕೆ, ಬಾಗಿಲ ಕಡೆಗೆ ಸರಿಯಿತು. ಕತ್ತಲಲ್ಲಿ ಕೂಸಿನ ಉಸಿರೊಂದೇ.

ಆಮೇಲೆ ಒಂದು ಗುದ್ದು ಬಿತ್ತು, ಬಾಣಂತಿಯದು, ಹಸಿಮೈಯವಳಿಗೆ ಅಷ್ಟು ಕಸುವು ಎಲ್ಲಿತ್ತೋ.

"ಅಕ್ಕಾ, ಸಣ್ಣಗ ಅಂದ್ರಿ. ಇನ್ನೊಮ್ಮಿ ಹೇಳ್ರಿ, ಇವ್ರಿಗೂ ಕೇಳ್ಲಿ" ಎಂದಳು.