ಅಕ್ಕನ ದನಿಗೆ ಮೈಕು ಹೊಂದಿಸಿದ್ದು

ನನ್ನ ಅಕ್ಕ ಚಿಂಚೋಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತ ನರ್ಸಮ್ಮನಾಗಿ ದುಡಿದು ನಿವೃತ್ತಳಾದವಳು. ಚಿಮ್ಮನಚೋಡದ ಸುತ್ತಮುತ್ತ ಎಷ್ಟೋ ಮನೆಯ ಕೂಸುಗಳ ಮೊದಲ ಅಳು ಕೇಳಿದವಳು ಅವಳೇ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿಕೊಂಡು ಸೇಡಂನ ನಮ್ಮ ಮನೆಗೆ ಬಂದಳು.

ಅವಳ ಚೀಲದಲ್ಲಿ ಒಂದು ನೋಟ್‌ಬುಕ್ಕಿತ್ತು. ಹೆರಿಗೆಯ ಹೊತ್ತಿನಲ್ಲಿ ಹೆಂಗಸರ ಜೊತೆ ಹೇಗೆ ಮಾತಾಡಬೇಕು ಅನ್ನುವುದನ್ನು ಹೊಸ ನರ್ಸುಗಳಿಗಾಗಿ ಬರೆದುಕೊಡುತ್ತೇನೆಂದು ಹಳೆಯ ಜೊತೆಗಾರ್ತಿಯರಿಗೆ ಮಾತು ಕೊಟ್ಟಿದ್ದಳಂತೆ. ಆರು ಪುಟ ಆಗಿತ್ತು, ಅಷ್ಟರಲ್ಲಿ ಕೈ ಮುರಿಯಿತು.

ನಾನು ಚಿತ್ತಾಪುರದ ಕಚೇರಿಯೊಂದರಲ್ಲಿ ಬಹಳ ವರ್ಷ ಕನ್ನಡ ಟೈಪಿಸ್ಟ್ ಆಗಿದ್ದವನು. ಮನೆಯಲ್ಲಿ ಕಂಪ್ಯೂಟರೂ ಇದೆ. "ಅಕ್ಕಾ, ನೀ ಹೇಳಕೋತ ಹೋಗು, ನಾ ಟೈಪ್ ಮಾಡ್ತೀನಿ" ಅಂದೆ.

ಎರಡು ಸಾಲು ಹೇಳಿದಳು. ಮೂರನೆಯದಕ್ಕೆ ನೋಟ್‌ಬುಕ್ ಮುಚ್ಚಿದಳು. ನನ್ನ ಮುಖ ನೋಡಿದಳು, ಗೋಡೆ ನೋಡಿದಳು.

"ತಮ್ಮಾ, ಇದು ನಿನ್ನ ಮುಂದ ಹೇಳೋ ಮಾತಲ್ಲ. ಸಣ್ಣಾಂವಿದ್ದಾಗ ನಿನ್ನ ಎತ್ತಿ ಆಡಿಸೀನಿ. ಹ್ಯಾಂಗ ಹೇಳಲಿ?"

ನನ್ನ ಹೆಂಡತಿಗೆ ಟೈಪಿಂಗ್ ಬಾರದು. ಹಾಗಾಗಿ ಅಕ್ಕ ಬಾಗಿಲು ಹಾಕಿಕೊಂಡು ಒಬ್ಬಳೇ ಮಾತಾಡಬೇಕು, ಕಂಪ್ಯೂಟರ್ ತಾನೇ ಕೇಳಿ ಬರೆದುಕೊಳ್ಳಬೇಕು. ಇದೊಂದೇ ದಾರಿ ಉಳಿಯಿತು. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಮೈಕಿರುವ ಹೆಡ್‌ಫೋನ್ ತಂದು ಸಿಗಿಸಿದೆ. ಅಕ್ಕ ಮಾತಾಡಿದಳು. ಪರದೆಯ ಮೇಲೆ ಒಂದಕ್ಷರ ಮೂಡಲಿಲ್ಲ.

ಶಹಾಬಾದದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದ ಭಾಯಿಗೆ ಫೋನ್ ಹಚ್ಚಿದೆ.

"ಸೆಟ್ಟಿಂಗ್ಸ್ ತೆಗೀರಿ ಸರ್, ಅದರಾಗ ಸೌಂಡ್, ಅದರ ಕೆಳಗ ಇನ್‌ಪುಟ್ ಅಂತ ಅದ ನೋಡ್ರಿ. ಎಷ್ಟು ಮೈಕ್ ತೋರಸ್ಲಿಕತ್ತದ?"

"ಎರಡು ಅವ."

"ಹಂಗಾದ್ರ ಅದು ಕ್ಯಾಮೆರಾದ ಮೈಕ್ ಹಿಡಕೊಂಡು ಕುಂತದ. ಹೆಡ್‌ಫೋನ್ ಹೆಸರಿನ ಮ್ಯಾಲ ಒತ್ರಿ."

ಒತ್ತಿದೆ. ಅಷ್ಟು ಹೊತ್ತೂ ಅದು ತಲೆಯ ಮೇಲಿನ ಫ್ಯಾನಿನ ಸಪ್ಪಳ ಕೇಳುತ್ತಿತ್ತು. ಮೈಕಿನ ವಾಲ್ಯೂಮ್ ಏರಿಸಿದೆ, ಭಾಷೆಯ ಜಾಗದಲ್ಲಿ ಇಂಗ್ಲಿಷ್ ತೆಗೆದು ಕನ್ನಡ ಮಾಡಿದೆ. ಅಕ್ಕ ಕೆಮ್ಮಿದರೂ ಪರದೆಯ ಮೇಲೆ ದನಿ ತೋರಿಸುವ ನೀಲಿ ಗೆರೆ ಎದ್ದು ಕುಣಿಯಿತು. ನಾನು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ.

ಅರ್ಧ ತಾಸಿಗೆ ಒಳಗಿನಿಂದ ನಗು ಕೇಳಿಸಿತು. ಹೋಗಿ ನೋಡಿದೆ. ಅಕ್ಕ "ಉಸುರು ಎಳಿ, ಬಿಡು" ಅಂದದ್ದನ್ನು ಕಂಪ್ಯೂಟರ್ "ಹೆಸರು ಹೇಳಿಬಿಡು" ಅಂತ ಬರೆದಿತ್ತು.

"ಹೆರಿಗಿ ಬ್ಯಾನಿ ತಿನ್ನಾಕಿಗಿ ಹೆಸರು ಹೇಳಂತದಲ್ಲೋ ಇದು" ಅಂದು ಕಣ್ಣು ಒರೆಸಿಕೊಂಡಳು. ಪರದೆಯ ಸಾಲನ್ನು ಇನ್ನೊಮ್ಮೆ ಓದಿ, "ಆದ್ರ ಖರೇನೇ ಅದ. ಮೊದಲು ಹೆಸರೇ ಕೇಳ್ಬೇಕು. ಏ ಹುಡುಗಿ, ಏ ಅಮ್ಮಾ ಅಂತ ಒದರಬಾರದು. ಇದು ಬರಿಯೋದು ಮರ್ತಿದ್ದೆ" ಅಂದಳು. ಹೊಸ ಪುಟ ತೆಗೆದು ಅದನ್ನೇ ಮೊದಲನೆಯ ಮಾತಾಗಿ ಹೇಳಿದಳು.

ಆಮೇಲೆ ರೇಡಿಯೋದವರ ಹಾಗೆ ಶುದ್ಧ ಕನ್ನಡದಲ್ಲಿ ಹೇಳಿ ನೋಡಿದಳು. ಕಂಪ್ಯೂಟರ್ ಒಂದೂ ತಪ್ಪಿಲ್ಲದೆ ಬರೆಯಿತು. ಅಕ್ಕನಿಗೆ ಸರಿಬರಲಿಲ್ಲ.

"ಭಯಪಡಬೇಡಿ ಅಂದ್ರ ಯಾರಿಗಿ ಧೈರ್ಯ ಬರ್ತದ? ನಮ್ಮಾಕಿಗಿ ಹೆದರಬ್ಯಾಡವ್ವಾ ಅನ್ಬೇಕು. ಮುಸಲ್ಮಾನರ ಹೆಣ್ಮಗಳಿದ್ರ ಡರೋ ನಕ್ಕೋ ಅನ್ಬೇಕು. ತೆಲುಗಿನಾಕಿದ್ರ ಭಯಪಡಕು ಅಮ್ಮಾ ಅನ್ಬೇಕು. ಈ ಮಾತೇ ಇಲ್ಲಾಂದ್ರ ಪುಸ್ತಕ ಯಾಕ ಬೇಕು?"

ವಿವರಣೆಯನ್ನೆಲ್ಲ ಶುದ್ಧ ಕನ್ನಡದಲ್ಲಿ ಮೈಕಿಗೆ ಹೇಳುವುದು, ಆ ಹೆಂಗಸರಿಗೆ ಆಡುವ ಮಾತನ್ನು ಮಾತ್ರ ಅಕ್ಕನೇ ಎಡಗೈಯಿಂದ ಟೈಪ್ ಮಾಡುವುದು ಎಂದು ಕೊನೆಗೆ ಗೊತ್ತುಮಾಡಿದೆವು. ಆದರೆ ನನ್ನ ಕೀಬೋರ್ಡು ಹಳೆಯ ಟೈಪ್‌ರೈಟರಿನ ಕ್ರಮದಲ್ಲಿತ್ತು. ಅದು ನನ್ನ ಬೆರಳಿಗೆ ಗೊತ್ತೇ ಹೊರತು ಬೇರೆಯವರಿಗೆ ಕಾಡಿನ ದಾರಿ. ಮತ್ತೆ ಸೆಟ್ಟಿಂಗ್ಸಿಗೆ ಹೋಗಿ, ಕೆ ಒತ್ತಿದರೆ ಕ ಬೀಳುವ ಇನ್ನೊಂದು ಕೀಬೋರ್ಡು ಸೇರಿಸಿದೆ. ಶಿಫ್ಟ್ ಹಿಡಿದುಕೊಂಡು ಇನ್ನೊಂದು ಕೀಲಿ ಒತ್ತಲು ಅವಳಿಗೆ ಎರಡು ಕೈ ಎಲ್ಲಿದ್ದವು? ಒಮ್ಮೆ ಒತ್ತಿ ಬಿಟ್ಟರೂ ಮುಂದಿನ ಕೀಲಿಯವರೆಗೆ ಶಿಫ್ಟ್ ಹಿಡಿದೇ ಇರುವ ಹಾಗೆ ಮಾಡಿದೆ. ಒಂದೇ ಬೆರಳಿನಿಂದ ಅವಳು ಮೊದಲು ಹೊಡೆದದ್ದು "ಹೆದರಬ್ಯಾಡವ್ವಾ". ಹತ್ತು ನಿಮಿಷ ಹಿಡಿಯಿತು. ತಿರುಗಿ ತಿರುಗಿ ಓದಿಕೊಂಡಳು.

ಇಪ್ಪತ್ತು ದಿನ ಹೀಗೇ ನಡೆಯಿತು. ಅವಳು ಎದ್ದ ಮೇಲೆ ಕೀಬೋರ್ಡು ಬದಲಿಸುವುದನ್ನು ಮರೆತು ಊರವರ ಅರ್ಜಿ ಟೈಪ್ ಮಾಡಲು ನಾನು ಕುಳಿತರೆ ಅಡ್ಡಾದಿಡ್ಡಿ ಅಕ್ಷರ ಬೀಳುತ್ತಿತ್ತು.

ಕಡೆಗೊಂದು ದಿನ ಕಾಗುಣಿತ ನೋಡು ಅಂತ ತಾನೇ ನನ್ನ ಮುಂದೆ ಹಾಳೆ ಇಟ್ಟಳು. "ನಾ ಎದುರಿಗಿ ಇರಂಗಿಲ್ಲ, ಅಷ್ಟೇ" ಅಂದು ಅಡುಗೆಮನೆಗೆ ಹೋದಳು. ಓದುತ್ತ ಹೋದೆ. ನಡುವೆ ಮೈಕಿಗೆ ಹೇಳದೆ ತಾನೇ ಹೊಡೆದ ನಾಲ್ಕು ಸಾಲಿದ್ದವು: "ಹೊರಗ ಕುಂತ ಗಂಡಸಿಗಿ ಏನರೆ ಕೆಲಸ ಹಚ್ಚಬೇಕು. ಕೊಬ್ಬರಿ ಎಣ್ಣಿ ತಾ ಅನ್ನಬೇಕು. ಎಣ್ಣಿ ಬೇಕಾಗಿರಂಗಿಲ್ಲ. ಅಂವ ಬಾಗಿಲಾಗ ನಿಂತು ನಡುಗೋದು ತಪ್ಪತದ."

ನನ್ನ ಮಗಳು ಹುಟ್ಟಿದ್ದು ವಾಡಿಯಲ್ಲಿ, ಹೆಂಡತಿಯ ತವರಿನಲ್ಲಿ. ಹೆರಿಗೆಗೆ ಅಕ್ಕನೇ ಬಂದಿದ್ದಳು. ಮಟಮಟ ಮಧ್ಯಾಹ್ನ ನನ್ನನ್ನು ಕೊಬ್ಬರಿ ಎಣ್ಣೆಗೆ ಓಡಿಸಿದ್ದಳು. ಅರ್ಧ ಅಂಗಡಿ ಮುಚ್ಚಿದ್ದವು. ರೈಲ್ವೆ ಹಳಿ ದಾಟಿ ಹೋಗಿ ಹುಡುಕಿ ತಂದಿದ್ದೆ. ಹೊತ್ತಿಗೆ ಸರಿಯಾಗಿ ಎಣ್ಣೆ ತಂದೆ ಅಂತ ಮಗಳಿಗೂ ಅಳಿಯನಿಗೂ ಎಷ್ಟು ಸಲ ಹೇಳಿದ್ದೇನೋ.

ಹಾಳೆ ಹಿಡಿದು ಅಡುಗೆಮನೆಗೆ ಹೋದೆ. "ಅಕ್ಕಾ, ಅವತ್ತಿನ ಎಣ್ಣಿ ಏನು ಮಾಡ್ದಿ?"

ಅವಳು ಒಲೆಯ ಕಡೆ ಮುಖ ಮಾಡಿಯೇ ಇದ್ದಳು. ಭುಜ ಅಲುಗುತ್ತಿತ್ತು. ನನ್ನ ಹೆಂಡತಿ ರೊಟ್ಟಿ ಬಡಿಯುವುದು ನಿಲ್ಲಿಸಿ, "ನಾ ತಲಿಗಿ ಹಚ್ಕೊಂಡೆ. ಎರಡು ತಿಂಗಳು ಬಂತು" ಅಂದಳು. ಇಷ್ಟು ವರ್ಷ ಇಬ್ಬರಿಗೂ ಗೊತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವತ್ತು ಬಾಗಿಲಲ್ಲಿ ನಿಂತಿದ್ದರೆ ನಾನು ಏನಾಗುತ್ತಿದ್ದೆನೋ.

ಪ್ಲಾಸ್ಟರ್ ಬಿಚ್ಚಿದ ವಾರ ಪುಸ್ತಕದ ಪ್ರತಿಗಳನ್ನು ಬೈಂಡ್ ಮಾಡಿಸಿ ಇಬ್ಬರೂ ಚಿಂಚೋಳಿಗೆ ಹೋದೆವು. ತರಬೇತಿಗೆ ಬಂದಿದ್ದ ಹೊಸ ನರ್ಸುಗಳು ಒಂದು ಕೋಣೆಯಲ್ಲಿ ಕೂತಿದ್ದರು. ಮೈಸೂರಿನ ಕಡೆಯ ಒಬ್ಬಳು ಎದ್ದು, "ಡರೋ ನಕ್ಕೋ ಅನ್ನೋದನ್ನ ಹೇಗೆ ಅನ್ನಬೇಕು ಅಮ್ಮ?" ಅಂದಳು. ಅಕ್ಕ ಅಂದು ತೋರಿಸಿದಳು. ಹುಡುಗಿ ಹಾಗೇ ಅಂದಳು. "ಇನ್ನಾ ಮೆತ್ತಗ ಅನ್ನವ್ವಾ, ಕೈ ಹಿಡಕೊಂಡು" ಅಂದು ಅಕ್ಕ ತನ್ನ ಕೈ ಚಾಚಿದಳು. ಪ್ಲಾಸ್ಟರಿನಿಂದ ಬಿಳಿಚಿಕೊಂಡಿದ್ದ ಆ ಕೈಯನ್ನು ಹುಡುಗಿ ಎರಡೂ ಕೈಯಲ್ಲಿ ಹಿಡಿದು, ಮತ್ತೊಮ್ಮೆ ಅಂದಳು.