ಗಡಿಯಕ್ಕ ಕೇಳಿದ ಎರಡು ತಪ್ಪು

ಗಣಿಯ ಕಂಟ್ರೋಲ್ ರೂಮಿನ ಆಪರೇಟರನ್ನು ನಾವೆಲ್ಲ ಗಡಿಯಕ್ಕ ಎಂದೇ ಕರೆಯುತ್ತಿದ್ದೆವು. ಹೆಸರಿಟ್ಟವನು ಅವಳ ಸ್ವಂತ ತಮ್ಮ, ಮೂರನೇ ಸುರಂಗದಲ್ಲಿ ಕಲ್ಲು ಕೊರೆಯುವವನು. ಮನೆಯಲ್ಲಿ ಊಟಕ್ಕೆ ಕೂತರೂ ಅವಳದು ಒಂದೇ ರಾಗ: ಇವತ್ತು ಗಡಿ ಸಿಕ್ಕಿತು, ಇವತ್ತು ಗಡಿ ಸಿಗಲಿಲ್ಲ.

ಅವಳ ಗಡಿ ಎಂದರೆ ಇಷ್ಟು. ಸುರಂಗದೊಳಗಿನ ಗ್ಯಾಸ್ ಮೀಟರುಗಳು ಅಳತೆಯನ್ನು ಸೊನ್ನೆ ಒಂದುಗಳಾಗಿ ಮಾಡಿ ಕೇಬಲ್ಲಿನಲ್ಲಿ ಮೇಲಕ್ಕೆ ಕಳಿಸುತ್ತವೆ. ನಡುವೆ ಬಿಡುವಿಲ್ಲ, ಚುಕ್ಕೆಯಿಲ್ಲ, ನಲ್ಲಿ ಬಿಟ್ಟ ಹಾಗೆ ಸುರಿಯುತ್ತಲೇ ಇರುತ್ತದೆ. ಒಂದು ಅಳತೆ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯಲು ಪ್ರತಿಯೊಂದರ ತಲೆಗೂ ಹದಿನಾರು ಅಂಕಿಗಳ ಒಂದೇ ಗುರುತು ಕಟ್ಟಿರುತ್ತಾರೆ. ಮೇಲಿನ ಯಂತ್ರ ಆ ಗುರುತು ಹುಡುಕಿ ಅಲ್ಲಿಂದ ಎಣಿಸಿಕೊಳ್ಳಬೇಕು. ಗುರುತು ತಪ್ಪಿತೋ, ಮುಂದಿನದೆಲ್ಲ ಅಯೋಮಯ.

ನಮ್ಮ ಕೇಬಲ್ಲೋ ನೀರು ಕುಡಿದು ಕೊಳೆತದ್ದು. ದಾರಿಯಲ್ಲೇ ಸೊನ್ನೆ ಒಂದಾಗುತ್ತಿತ್ತು, ಒಂದು ಸೊನ್ನೆಯಾಗುತ್ತಿತ್ತು. ಹಾಗಾಗಿ ಗುರುತಿನಲ್ಲಿ ಎರಡು ಅಂಕಿ ತಪ್ಪಿದ್ದರೂ ಒಪ್ಪಿಕೊಳ್ಳುವಂತೆ ಗಡಿಯಕ್ಕ ಯಂತ್ರವನ್ನು ಸಡಿಲ ಬಿಟ್ಟಿದ್ದಳು. ಇದರಲ್ಲೂ ತೊಡಕಿತ್ತು. ಆಗೊಮ್ಮೆ ಈಗೊಮ್ಮೆ ಅಳತೆಯೊಳಗಿನ ಅಂಕಿಗಳೇ ಗುರುತಿನ ವೇಷ ಹಾಕುತ್ತಿದ್ದವು. ಯಂತ್ರ ಅಲ್ಲಿಂದ ಎಣಿಸಿ, ಇಲ್ಲದ ಗ್ಯಾಸ್ ತೋರಿಸಿ, ಸೈರನ್ ಕೂಗಿಸುತ್ತಿತ್ತು. ಗಣಿ ಖಾಲಿ. ಅಗೆದಷ್ಟಕ್ಕೇ ಕೂಲಿ ಪಡೆಯುವ ಗಂಡಸರು ಬಾಯಿಗೆ ಬಂದಂತೆ ಬೈದುಕೊಂಡು ಮೇಲೆ ಬರುತ್ತಿದ್ದರು.

"ಏನಕ್ಕಾ, ನಿನ್ನ ಮಿಷನ್ನಿಗೆ ಇವತ್ತೂ ಹೊಟ್ಟೆ ಉಬ್ಬರವಾ?" ಕಿಟಕಿಗೆ ಬಂದು ತಮ್ಮ ಕೆಣಕುತ್ತಿದ್ದ.

"ನಿನ್ನ ಹೆಣ ನೋಡೋದಕ್ಕಿಂತ ನಿನ್ನ ಬಾಯಿ ಕೇಳೋದು ವಾಸಿ. ಹೋಗೋ ಅತ್ಲಾಗೆ."

ಮಾಲೀಕರು ಗಣಿ ನೋಡಲು ಬಂದ ದಿನವೇ ಸುಳ್ಳು ಸೈರನ್ ಕೂಗಿತು. ಮ್ಯಾನೇಜರ್ ಕೆಂಡವಾದ.

"ಒಂದು ಅಂಕಿ ತಪ್ಪಿದ್ರೂ ತಪ್ಪು ತಪ್ಪೇ ಅಲ್ವೇನಮ್ಮಾ? ಸೊನ್ನೆಗಿಡಿ. ಒಂದು ತಪ್ಪೂ ಒಳಗೆ ಬರಕೂಡದು."

"ಸೊನ್ನೆಗಿಟ್ರೆ ಗುರುತೇ ಸಿಗಲ್ಲ ಸಾರ್. ಸಿಗೋವರೆಗೂ ಪರದೆ ಮೇಲೆ ಹಳೇ ಅಳತೆನೇ ಕೂತಿರುತ್ತೆ."

"ಹಳೇದು ಚೆನ್ನಾಗೇ ಇದೆಯಲ್ಲ?"

ಸೊನ್ನೆಗಿಟ್ಟರು. ಕೈಯಿಂದ ಸೈರನ್ ಕೂಗಿಸುವ ಕೀಲಿಯೂ ಮ್ಯಾನೇಜರನ ಜೇಬು ಸೇರಿತು. ಸುದ್ದಿ ಕೇಳಿ ಗಣಿಯವರು ಚಪ್ಪಾಳೆ ತಟ್ಟಿದರು. ನಮ್ಮ ಕಾರ್ಮಿಕ ಸಂಘದ ಸಭೆಗಳಲ್ಲೂ ಅಷ್ಟು ಜೋರಾಗಿ ತಟ್ಟಿದವರಲ್ಲ.

ಅಲ್ಲಿಂದ ಗಡಿಯಕ್ಕ ಹೊಸ ದಾರಿ ಹಿಡಿದಳು. ಗುರುತು ಕಳೆದುಹೋದಾಗ ಯಂತ್ರದ ಮೂಲೆಯಲ್ಲಿ ಒಂದು ಕೆಂಪು ದೀಪ ಹತ್ತುತ್ತಿತ್ತು. ಹತ್ತಿದ ಕೂಡಲೇ ಸುರಂಗಕ್ಕೆ ಫೋನ್ ಮಾಡಿ, ಕೈಮೀಟರ್ ಹಿಡಿದು ಅಳತೆ ಓದಿ ಹೇಳಿ ಎನ್ನುತ್ತಿದ್ದಳು. ಮೂರನೇ ಸುರಂಗಕ್ಕೇ ಹೆಚ್ಚು ಫೋನ್. ಕೇಬಲ್ ಹೆಚ್ಚು ಕೊಳೆತದ್ದು ಅಲ್ಲೇ. ತಮ್ಮ ಇದ್ದದ್ದೂ ಅಲ್ಲೇ, ಸುಳ್ಳೇಕೆ ಹೇಳಲಿ.

"ಅಕ್ಕಾ, ಡ್ರಿಲ್ ನಿಲ್ಸಿ ನಿಲ್ಸಿ ಸಾಕಾಗೋಯ್ತು. ಎಲ್ರೂ ನನ್ನ ಉಗೀತಿದಾರೆ, ನಿಮ್ಮಕ್ಕನಿಗೊಂದು ಮದ್ವೆ ಮಾಡೋ, ಫೋನ್ ನಿಲ್ಲುತ್ತೆ ಅಂತ."

"ಮೊದ್ಲು ಮೀಟರ್ ಓದು. ಆಮೇಲೆ ಗಂಡು ಹುಡುಕು."

ಒಂದು ಬೆಳಿಗ್ಗೆ ದೀಪ ಹತ್ತಿತು. ಪರದೆಯ ಮೇಲೆ ಹಳೆಯ ಅಳತೆ, ನೋಡಲು ಲಕ್ಷಣವಾಗಿತ್ತು. ಫೋನ್ ಮಾಡಿದಳು, ಎಂಗೇಜ್. ಮತ್ತೆ ಮಾಡಿದಳು, ಎಂಗೇಜ್. ಅವಳ ಕಾಟ ತಡೆಯಲಾರದೆ ತಮ್ಮ ರಿಸೀವರನ್ನು ಕಲ್ಲಿನ ಮೇಲೆ ತೆಗೆದಿಟ್ಟಿದ್ದ. ಕೀಲಿ ಕೇಳಲು ಮ್ಯಾನೇಜರನ ಕೋಣೆಗೆ ಓಡಿದಳು.

"ಪರದೆ ಏನು ಹೇಳುತ್ತೆ?"

"ಪರದೆ ಹೇಳ್ತಿರೋದು ಹಳೇದು ಸಾರ್! ಕೀಲಿ ಕೊಡಿ!"

ಅವನು ಪರದೆಯನ್ನು ತಾನೇ ನೋಡುತ್ತೇನೆಂದು ಎದ್ದ. ಕನ್ನಡಕ ಹಾಕಿಕೊಂಡ. ಅಷ್ಟರಲ್ಲಿ ನೆಲ ಅದುರಿತು. ಮೂರನೇ ಸುರಂಗದಲ್ಲಿ ಗ್ಯಾಸ್ ಸಿಡಿದು ಅವಳ ತಮ್ಮನೂ ಸೇರಿ ನಾಲ್ವರು ಸತ್ತರು.

ತನಿಖೆಗೆ ಬಂದವರು ಯಂತ್ರವನ್ನು ಹೊಗಳಿದರು: ಒಂದೇ ಒಂದು ತಪ್ಪು ಅಳತೆಯನ್ನೂ ಅದು ಒಳಗೆ ಬಿಟ್ಟಿಲ್ಲ. ನಿಜವೇ. ಗಡಿಯಕ್ಕನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಎರಡಕ್ಕಿಟ್ಟಿದ್ರೆ ಸುಳ್ಳು ಸೈರನ್ ಬರೋದೇ ಇಲ್ಲ ಅಂತೀರಾ?"

"ಇಲ್ಲ. ಬರುತ್ತೆ."

ಅಷ್ಟನ್ನು ಬರೆದುಕೊಂಡು, "ಹೋಗಿ" ಎಂದರು. ಫೋನ್ ತೆಗೆದಿಟ್ಟವನದೇ ತಪ್ಪು ಎಂದಾಯಿತು. ನಾವು ಮುಷ್ಕರ ಹೂಡಿದ ಮೇಲೆ ಸೊನ್ನೆ ಬಿಟ್ಟು ಒಂದು ತಪ್ಪಿಗೆ ಒಪ್ಪಿದರು, ಎರಡು ಕೇಳಿದರೆ ಒಂದು, ಸಂತೆಯ ಚೌಕಾಸಿ. ಕೀಲಿ ಮಾತ್ರ ಅದೇ ಜೇಬಿನಲ್ಲಿ ಉಳಿಯಿತು.

ಸತ್ತವರ ಪೋಸ್ಟರಿಗೆ ತಮ್ಮನ ಫೋಟೋ ಕೇಳಲು ಸಂಘದ ಕಾರ್ಯದರ್ಶಿಯೂ ನಾನೂ ಅವಳ ಮನೆಗೆ ಹೋದೆವು. ತಮ್ಮನ ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ನೀವು ಅಷ್ಟು ಸಲ ಫೋನ್ ಮಾಡ್ದೆ ಇದ್ದಿದ್ರೆ ಅವ್ರು ತೆಗೆದಿಡ್ತಿರ್ಲಿಲ್ಲ ಅತ್ತಿಗೆ" ಎಂದು ಒಮ್ಮೆ ಅಂದವಳು ಆಮೇಲೆ ಗಡಿಯಕ್ಕನೊಂದಿಗೆ ಮಾತು ಬಿಟ್ಟಿದ್ದಳಂತೆ. ಗಡಿಯಕ್ಕ ಗೋಡೆಯಿಂದ ಫೋಟೋ ಇಳಿಸಿದಳು. ಕೈಗೆ ಕೊಡಲಿಲ್ಲ.

"ಕೆಳಗೇನು ಬರೀತೀರಿ?"

"ಮ್ಯಾನೇಜ್‌ಮೆಂಟ್ ಕೊಂದ ಕಾರ್ಮಿಕ ಅಂತ."

"ಹೌದು, ಕೊಂದ್ರು. ಫೋನ್ ತೆಗೆದಿಟ್ಟೋನು ಇವ್ನೇ, ಅದೂ ಹೌದು. ಎರಡನ್ನೂ ಬರೀರಿ, ಕೊಡ್ತೀನಿ."

"ಅದನ್ನ ಬರೆದ್ರೆ ಪೋಸ್ಟರ್ ಯಾರಿಗಕ್ಕಾ ಬೇಕು?" ಎಂದ ಕಾರ್ಯದರ್ಶಿ.

ಅವಳು ಫೋಟೋವನ್ನು ಮತ್ತೆ ಮೊಳೆಗೆ ಹಾಕಿದಳು. "ಶಿಫ್ಟಿಗೆ ಹೊತ್ತಾಯ್ತು" ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಉಳಿದ ಮೂವರ ಮುಖ ಹಾಕಿ ಪೋಸ್ಟರ್ ಅಚ್ಚಾಯಿತು.