ಅತ್ತೆ ಮುಗಿಸಿಕೊಟ್ಟ ಕಾದಂಬರಿ

ನನ್ನ ಅತ್ತೆ ಮೈಸೂರಿನಿಂದ ಬ್ರಿಸ್ಬೇನಿಗೆ ಬರುವಾಗ ಕಾಫಿಪುಡಿ, ಸಾರಿನಪುಡಿ, ಹಪ್ಪಳ ಎಲ್ಲವನ್ನೂ ತಂದಿದ್ದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ, ಏನೂ ತೋಚದೆ ಬಿಟ್ಟುಕೊಟ್ಟಿದ್ದ. ತರಲಾಗದೆ ಹೋದದ್ದು ಸಂಜೆಯ ಧಾರಾವಾಹಿ ಮಾತ್ರ. ಈ ದೇಶದಲ್ಲಿ ಇದು ಸಿಗುವುದಿಲ್ಲ ಎಂದು ಫೋನು ಹೇಳಿತು. ತಮ್ಮೊಬ್ಬರ ಮೇಲೆ ಆಸ್ಟ್ರೇಲಿಯಾ ಸರ್ಕಾರ ಕೈಗೊಂಡ ಕ್ರಮ ಇದು ಎಂದೇ ಅತ್ತೆ ನಂಬಿದರು. ನನ್ನ ಗಂಡ ಏನೇನೋ ಒತ್ತಿ ನೋಡಿ ಕೈಚೆಲ್ಲಿದ. ಮಗಳು ‘ಸಾರಿ ಅಜ್ಜಿ’ ಎಂದು ತನ್ನ ಕೋಣೆಗೆ ಹೋದಳು. ಉಳಿದವಳು ನಾನು.

ನಾನು ಆಗ ಬೇರೊಂದು ಧಾರಾವಾಹಿಯ ಗುಂಗಿನಲ್ಲಿದ್ದೆ. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ನಮ್ಮ ಮನೆಯಿಂದ ಫೋರ್ಟಿಟ್ಯೂಡ್ ವ್ಯಾಲಿಯ ಆಫೀಸಿಗೆ ರೈಲಿನಲ್ಲಿ ಒಂದು ನಿದ್ದೆಯಷ್ಟು ದೂರ. ನನಗೆ ರೈಲಿನಲ್ಲಿ ನಿದ್ದೆ ಬರುವುದಿಲ್ಲ. ಹಳೆಯ ಪತ್ರಿಕೆಗಳನ್ನೆಲ್ಲ ಇಲ್ಲಿನ ಗ್ರಂಥಾಲಯಗಳು ಇಂಟರ್ನೆಟ್ಟಿಗೆ ಏರಿಸಿವೆ. ನಾನು ವಿದ್ಯಾರ್ಥಿನಿಯಾಗಿ ಅಡಿಲೇಡಿನಲ್ಲಿ ಬಾಡಿಗೆಗಿದ್ದ ಬೀದಿಯ ಹೆಸರು ಅದರಲ್ಲಿ ಬರುತ್ತದೆಯೇ ಎಂದು ಹುಡುಕುತ್ತಿದ್ದಾಗ, ಕುರಿಗಳ ಧಾರಣೆಗೂ ಪಿತ್ತದ ಮಾತ್ರೆಯ ಜಾಹೀರಾತಿಗೂ ನಡುವೆ ಅವಳು ಸಿಕ್ಕಿದಳು.

ಅವಳ ಹೆಸರು ನಾನು ಬರೆಯುವುದಿಲ್ಲ. ಬಹುಪಾಲು ಅವಳೂ ಬರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಯಾವುದೋ ಬಂದರಿನಿಂದ ಗಂಡನ ಜೊತೆ ಹಡಗು ಹತ್ತಿ ಅಡಿಲೇಡಿಗೆ ಬಂದವಳು. ಗಂಡ ಚಿನ್ನ ಅಗೆಯುತ್ತೇನೆಂದು ಹೋದ. ಚಿನ್ನ ಸಿಗಲಿಲ್ಲ, ಅವನೂ ಸಿಗಲಿಲ್ಲ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಿಯಾನೋ ಕಲಿಸಿದಳು, ಅದು ಸಾಲದೆ ವಾರಪತ್ರಿಕೆಗೆ ಕಥೆ ಬರೆದಳು. ಮೊದಲ ಕಥೆಗಳ ಕೆಳಗೆ ‘ಒಬ್ಬ ಹಳೆಯ ವಲಸಿಗ’ ಎಂದು ಸಹಿ ಇರುತ್ತಿತ್ತು. ಅವಳು ಹಳಬಳೂ ಅಲ್ಲ, ಗಂಡಸೂ ಅಲ್ಲ. ಸಂಪಾದಕನಿಗೆ ಎರಡೂ ಬೇಕಾಗಿತ್ತು.

ಊರಾಚೆಯ ಕಾಡನ್ನು ಅವಳು ಕಣ್ಣಾರೆ ನೋಡಿರಲಿಲ್ಲ ಎಂದು ನನಗೆ ಗುಮಾನಿ. ಒಂದು ಕಥೆಯಲ್ಲಿ ನಾಯಕನ ಮೇಲೆ ಹುಲಿ ಹಾರುತ್ತದೆ. ಈ ಖಂಡದಲ್ಲಿ ಹುಲಿ ಎಲ್ಲಿಂದ ಬಂತು ಎಂದು ಓದುಗನೊಬ್ಬ ಪತ್ರಿಕೆಯಲ್ಲೇ ಕೇಳಿದ. ಮುಂದಿನ ವಾರ ಆ ಹುಲಿ ಸರ್ಕಸ್ಸಿನಿಂದ ತಪ್ಪಿಸಿಕೊಂಡು ಬಂದದ್ದಾಗಿತ್ತು. ಇವಳು ನಮ್ಮವಳು ಎಂದು ನನಗೆ ಅನ್ನಿಸಿದ್ದು ಅಲ್ಲಿ. ಬಂದ ಹೊಸತರಲ್ಲಿ ನಾನೂ ಆಫೀಸಿನ ಮೀಟಿಂಗುಗಳಲ್ಲಿ ಗೊತ್ತಿಲ್ಲದ್ದಕ್ಕೆಲ್ಲ ಇದೇ ಧಾಟಿಯಲ್ಲಿ ಉತ್ತರ ಕೊಟ್ಟಿದ್ದೆ.

ಅತ್ತೆ ಸಂಜೆ ಹೊತ್ತು ಹೋಗದೆ ಒದ್ದಾಡುವುದನ್ನು ನೋಡಲಾರದೆ, ಆ ಲೇಖಕಿಯ ದೊಡ್ಡ ಕಾದಂಬರಿಯನ್ನು ದಿನಕ್ಕೊಂದು ಕಂತಿನಂತೆ ಕನ್ನಡದಲ್ಲಿ ಹೇಳತೊಡಗಿದೆ. ಅಪ್ಪ ಸತ್ತ ಮೇಲೆ ಕುರಿಗಳ ದೊಡ್ಡ ಜಮೀನನ್ನು ಒಬ್ಬಳೇ ನಡೆಸುವ ಹುಡುಗಿ, ಅದನ್ನು ಕಬಳಿಸಲು ಹೊಂಚುವ ದೊಡ್ಡಪ್ಪನ ಮಗ, ಇಬ್ಬರ ನಡುವೆ ಕುದುರೆ ಹತ್ತಿ ಇಳಿಯುವ ಒಬ್ಬ ಪೆದ್ದು ಪಾದ್ರಿ. ಅತ್ತೆ ಬೀನ್ಸ್ ಸೋಸುತ್ತ ಕೇಳುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ನಾನು ರೈಲಿಳಿದು ಬರುವುದನ್ನು ಬಾಗಿಲಲ್ಲೇ ನಿಂತು ಕಾಯತೊಡಗಿದರು. ನನ್ನ ಮದುವೆಯಾದ ಮೇಲೆ ಅವರು ನನಗಾಗಿ ಬಾಗಿಲಲ್ಲಿ ಕಾದದ್ದು ಅದೇ ಮೊದಲು.

ಹಳೆಯ ಪತ್ರಿಕೆಯ ಅಕ್ಷರಗಳನ್ನು ಓದುವುದು ಯಂತ್ರ. ಅಚ್ಚು ಮಸುಕಾಗಿದ್ದ ಕಡೆ ಅದು ತನಗೆ ತೋಚಿದ್ದನ್ನು ಬರೆದುಬಿಡುತ್ತದೆ. ಒಂದು ಸಂಜೆ ನಾನು, ಪಾದ್ರಿ ಹುಡುಗಿಯನ್ನು ನೀಲಗಿರಿ ಮರದ ಕೆಳಗೆ ಕೊಂದುಬಿಟ್ಟ ಎಂದು ಹೇಳಿದೆ. ಅತ್ತೆ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮರುದಿನದ ಕಂತಿನಲ್ಲಿ ಹುಡುಗಿ ನಾಚಿಕೊಂಡು ಚಹಾ ಕುಡಿಯುತ್ತಿದ್ದಳು. ಗಾಬರಿಯಾಗಿ ಮೂಲ ಪುಟದ ಚಿತ್ರ ತೆರೆದು ನೋಡಿದರೆ, ಅವನು ಕೊಂದಿರಲಿಲ್ಲ, ಮುತ್ತು ಕೊಟ್ಟಿದ್ದ. ಯಂತ್ರ ‘ಕಿಸ್’ ಅನ್ನು ‘ಕಿಲ್’ ಎಂದು ಓದಿತ್ತು. ನಾನು ತಿದ್ದಿ ಹೇಳಿದಾಗ ಅತ್ತೆಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಮೈಸೂರಿನಲ್ಲಿ ಅವರು ನೋಡುವ ಧಾರಾವಾಹಿಯ ನಾಯಕಿ ಹಿಂದಿನ ವರ್ಷವಷ್ಟೇ ಸತ್ತು ಬದುಕಿದ್ದಳಂತೆ. “ಮುತ್ತು ಕೊಟ್ಟಿದ್ದೇ ನಂಬೋಕಾಗಲ್ಲ ಕಣೇ,” ಎಂದರು, “ಆ ಪಾದ್ರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?”

ಅನಾಹುತ ಆದದ್ದು ಆಮೇಲೆ. ದೊಡ್ಡಪ್ಪನ ಮಗ ಹುಡುಗಿಯನ್ನು ಬತ್ತಿದ ಬಾವಿಗೆ ತಳ್ಳಿ ಹಗ್ಗ ಕತ್ತರಿಸಿದ. ಮುಂದಿನ ವಾರದ ಸಂಚಿಕೆಯೇ ಇರಲಿಲ್ಲ. ಪತ್ರಿಕೆ ಮುಚ್ಚಿಹೋಗಿತ್ತು. ಲೇಖಕಿಯ ಸಾಹಿತ್ಯ ಜೀವನದಲ್ಲಿ ಇಂಥದ್ದು ಮತ್ತೆ ಮತ್ತೆ ನಡೆದಿತ್ತು. ಅವಳು ಒಂದು ಪತ್ರಿಕೆಯಲ್ಲಿ ನೆಲೆಯೂರುವುದಕ್ಕೂ ಅದರ ಮಾಲೀಕ ದಿವಾಳಿಯಾಗುವುದಕ್ಕೂ ಸರಿಹೋಗುತ್ತಿತ್ತು. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ಹುಡುಗಿಯನ್ನು ಬಾವಿಯಲ್ಲಿ ಬಿಟ್ಟು ನಾನು ಹೇಗೆ ಆಫೀಸಿಗೆ ಹೋಗುತ್ತೇನೆ ಎಂದು ಬೆಳಗಿನ ಕಾಫಿಯ ಹೊತ್ತಿಗೇ ಕೇಳಿದರು.

ಆ ಕಾದಂಬರಿ ಮುಂದೆ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದಿತ್ತೆಂದೂ ಅಡಿಲೇಡಿನ ಗ್ರಂಥಾಲಯದಲ್ಲಿ ಒಂದು ಪ್ರತಿ ಇದೆಯೆಂದೂ ಹುಡುಕಿ ತಿಳಿದುಕೊಂಡೆ. ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ ನನ್ನ ನಾದಿನಿ ಇದ್ದಾಳೆ. ಅತ್ತೆ ಹೇಗೂ ಮಗಳ ಮನೆಗೆ ಹೋಗುವವರಿದ್ದರು. ದಾರಿಯಲ್ಲಿ ಅಡಿಲೇಡಿನಲ್ಲಿ ಇಳಿಯೋಣ ಎಂದೆ. ಅಲ್ಲಿ ಏನೇನು ನೋಡಲಿಕ್ಕಿದೆ ಎಂದು ಗಂಡ ಕೇಳಿದ್ದಕ್ಕೆ ಅತ್ತೆಯೇ, “ಒಂದು ಬಾವಿ” ಎಂದರು.

ಗ್ರಂಥಪಾಲಕಿ ಪುಸ್ತಕವನ್ನು ಸ್ಪಂಜಿನ ದಿಂಬಿನ ಮೇಲೆ ಮಲಗಿಸಿ ತಂದಿಟ್ಟಳು. ಬಾಣಂತಿಗೂ ಇಷ್ಟು ಆರೈಕೆ ಇರಲ್ಲ ಎಂದು ಅತ್ತೆ ಗೊಣಗಿದರು. ನಾನು ಕೊನೆಯ ಅಧ್ಯಾಯಗಳನ್ನು ಓದಿ ಪಿಸುದನಿಯಲ್ಲಿ ಹೇಳುತ್ತ ಹೋದೆ. ಪಾದ್ರಿ ಬಂದು ಹುಡುಗಿಯನ್ನು ಬಾವಿಯಿಂದ ಎತ್ತುತ್ತಾನೆ. ದೊಡ್ಡಪ್ಪನ ಮಗ ಪಶ್ಚಾತ್ತಾಪದಿಂದ ಅಳುತ್ತಾನೆ. ಹುಡುಗಿ ಅವನಿಗೇ ಜಮೀನು ಬಿಟ್ಟುಕೊಟ್ಟು, ಪಾದ್ರಿಯನ್ನು ಮದುವೆಯಾಗಿ ಇಂಗ್ಲೆಂಡಿಗೆ ಹಡಗು ಹತ್ತುತ್ತಾಳೆ. ಮುಗಿಯಿತು.

ಅತ್ತೆ ಕೊನೆಯ ಪುಟವನ್ನು ತಿರುವಿ, ಅದರ ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿದರು. ಆಮೇಲೆ ಎಂದರು, “ಇದು ಅವಳು ಬರೆದಿದ್ದಲ್ಲ. ಇದನ್ನ ಯಾರೋ ಅವಳ ಕೈಲಿ ಬರೆಸಿದಾರೆ.”

ನಾನು ಗ್ರಂಥಪಾಲಕಿಯನ್ನು ಕೇಳಿದೆ. ಲಂಡನ್ನಿನ ಪ್ರಕಾಶಕರಿಗೆ ಆ ಕಾಲದಲ್ಲಿ ಮದುವೆಯೂ ಬೇಕಿತ್ತು, ಇಂಗ್ಲೆಂಡೂ ಬೇಕಿತ್ತು, ಹಾಗೆ ಆಗಿರಬಹುದು, ಆದರೆ ಪುರಾವೆ ಇಲ್ಲ ಎಂದಳು. ಅಷ್ಟು ಮಾಡಿಯೂ ಪುಸ್ತಕ ಓಡಲಿಲ್ಲವಂತೆ. ಲಂಡನ್ನಿನವರು ಕುರಿವಾಸನೆ ಜಾಸ್ತಿ ಎಂದರು, ಅಡಿಲೇಡಿನವರು ಇಂಗ್ಲೆಂಡಿನ ವಾಸನೆ ಜಾಸ್ತಿ ಎಂದರು. ಲೇಖಕಿ ಮತ್ತೆ ಕಾದಂಬರಿ ಬರೆಯಲಿಲ್ಲ. ವಯಸ್ಸಾದ ಮೇಲೆ ಮಗಳಿದ್ದ ಪರ್ತ್‌ಗೆ ಹೋಗಿ ಬಾಡಿಗೆಯವರನ್ನು ಇಟ್ಟುಕೊಂಡು ಬದುಕಿದಳು, ಪತ್ರಿಕೆಗೆ ಅಡುಗೆಯ ಅಂಕಣ ಬರೆದಳು. ಆ ಅಂಕಣಗಳನ್ನು ನಾನು ಓದಿದ್ದೇನೆ. ಕುರಿಯ ನಾಲಿಗೆ ಬೇಯಿಸುವುದನ್ನೂ ಅವಳು ನಡುವೆ ನಿಲ್ಲಿಸಿ ಮುಂದಿನ ವಾರಕ್ಕೆ ಕಾಯಿಸುತ್ತಾಳೆ.

ಪರ್ತ್‌ನಲ್ಲಿ ಕನ್ನಡ ಬಳಗದ ಹೆಂಗಸರು ನಾನು ಬಂದಿರುವುದನ್ನೂ ನನ್ನ ಈ ಹುಡುಕಾಟವನ್ನೂ ನಾದಿನಿಯಿಂದ ತಿಳಿದು, ಒಂದು ಭಾನುವಾರ ಈ ಲೇಖಕಿಯ ಬಗ್ಗೆ ಮಾತಾಡಲು ಕರೆದರು. ಎಲೆನ್‌ಬ್ರೂಕ್‌ನ ಸಮುದಾಯ ಭವನ, ಬಿಸಿಬೇಳೆಬಾತ್ ಆದ ಮೇಲಿನ ಹೊತ್ತು. ನಾನು ವಸಾಹತು, ವಲಸೆ, ಅಸ್ಮಿತೆ ಎಂದು ಶುರುಮಾಡಿದೆ. ಮುಂದಿನ ಸಾಲಿನಲ್ಲೇ ಇಬ್ಬರ ಕಣ್ಣು ಎಳೆಯತೊಡಗಿತು. ಆಗ ಅತ್ತೆ ಎದ್ದು ಬಂದು ನನ್ನ ಪಕ್ಕ ನಿಂತು, “ನೀನು ಕೂತ್ಕೋಮ್ಮ, ನಾನು ಹೇಳ್ತೀನಿ” ಎಂದು ಮೈಕು ತೆಗೆದುಕೊಂಡರು.

ಅವರು ಕಥೆಯನ್ನೇ ಹೇಳಿದರು. ಕಣ್ಣು ಎಳೆಯುತ್ತಿದ್ದವರು ಎಚ್ಚೆತ್ತರು, ಪಾತ್ರೆ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದರು. ಬಾವಿಯ ತನಕ ಎಲ್ಲ ಮೂಲದಂತೆಯೇ ಇತ್ತು. ಆಮೇಲೆ ಅತ್ತೆಯ ಹುಡುಗಿ ಯಾರನ್ನೂ ಕಾಯಲಿಲ್ಲ. ಬಾವಿಯ ಕಲ್ಲುಗಳ ಸಂದಿಗೆ ಕಾಲಿಟ್ಟು ಹತ್ತಿ ಬಂದು, ದೊಡ್ಡಪ್ಪನ ಮಗನನ್ನು ಪೊಲೀಸರಿಗೆ ಹಿಡಿದುಕೊಟ್ಟಳು. “ಪಾದ್ರಿ ಮದುವೆ ಆಗ್ತೀಯಾ ಅಂದ. ಯೋಚನೆ ಮಾಡ್ತೀನಿ, ಅಲ್ಲೀತನಕ ಕುರಿ ಎಣಿಸ್ತಿರು ಅಂದ್ಲು. ಇನ್ನೂ ಎಣಿಸ್ತಾನೇ ಇದಾನೆ.”

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಅಂಕಲ್ ಒಬ್ಬರು ಎದ್ದು, ಮೂಲದಲ್ಲಿ ಹೀಗೇ ಇದೆಯೇ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಮೂಲದಲ್ಲಿ ಅಚ್ಚಿನ ದೋಷ ಇದೆ ಎಂದುಬಿಟ್ಟರು.

ಅತ್ತೆ ಮೈಸೂರಿಗೆ ಮರಳಿದ ಮೇಲೆ ನಾನು ಆ ಕಾದಂಬರಿಯನ್ನು ಕನ್ನಡಕ್ಕೆ ತರಲು ಕೂತೆ. ಬ್ರಿಸ್ಬೇನಿನ ಕನ್ನಡಿಗರ ಪತ್ರಿಕೆಯಲ್ಲಿ ಅದು ಕಂತುಗಳಾಗಿ ಬಂತು. ಕೊನೆಯ ಅಧ್ಯಾಯಕ್ಕೆ ಬಂದಾಗ ಲಂಡನ್ನಿನದನ್ನು ಒಂದು ಸಲ ಅನುವಾದಿಸಿ ನೋಡಿದೆ. ಕೈ ಓಡಲಿಲ್ಲ. ಅತ್ತೆಗೆ ಫೋನು ಮಾಡಿ ಅವರು ಹೇಳಿದ್ದನ್ನು ಬರೆದುಕೊಂಡೆ. ಮಧ್ಯೆ ಎರಡು ಕಡೆ ನನ್ನ ಭಾಷೆ ಒಣಗಿದೆ ಎಂದು ತಿದ್ದಿಸಿದರು. ಕಡೆಯ ಅಧ್ಯಾಯ ಮಾತ್ರ ಬೇರೆಯವರದು ಎಂದು ಕೆಳಗೆ ಬರೆದು, ಅತ್ತೆಯ ಪೂರ್ತಿ ಹೆಸರು ಹಾಕಿ ಕಳಿಸಿದೆ.